ಬಣ್ಣ ಹಚ್ಚಬಾರದಿದ್ದ ಗಟ್ಟಿಗಳು

ಓದುಗರ ಅವಗಾಹನೆಗೆ ಮೊದಲಿಗೇ ತರಬೇಕಾದ ಸಂಗತಿಯೆಂದರೆ, ನಾನು ಈವರೆಗೆ ಬರೆದದ್ದೆಲ್ಲ ಮಾಲಿನ ಜೊತೆ ಲಾರಿಯಲ್ಲಿ ಹೋಗುವ ಪತ್ರಗಳು ಮಾತ್ರ. ಕೊಪ್ಪಳದ ಹೊರವಲಯದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವುದು ಹಾಗೂ ಅದು ಸರಿಯಾಗಿದೆ ಎಂದು ಬರೆದು ಸಹಿ ಹಾಕುವುದು ನನ್ನ ಕೆಲಸ. ಸದರಿ ಕೆಲಸದಲ್ಲಿರುವಾಗ ಒಂದು ಮಹಾನವಮಿಯಲ್ಲಿ ನಡೆದದ್ದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ನಮ್ಮಲ್ಲಿ ತಯಾರಾಗುವ ವಸ್ತು ಒಂದೇ. ಬಂದರುಗಳಲ್ಲಿ ಹಡಗು ಬಂದು ನಿಲ್ಲುವ ಕಟ್ಟೆಯನ್ನು ಹೊತ್ತುಕೊಂಡಿರುವ ಉಕ್ಕಿನ ಕಂಬಗಳು ಹಗಲಿರುಳು ಉಪ್ಪುನೀರಿನಲ್ಲಿ ಮುಳುಗಿರುತ್ತವೆ. ಅವು ತುಕ್ಕು ಹಿಡಿದು ಸವೆಯದಿರಲಿ ಎಂದು, ಅಲ್ಯೂಮಿನಿಯಮ್ಮಿಗೆ ಸತುವು ಬೆರೆಸಿ ಎರಕ ಹೊಯ್ದ ದಿಮ್ಮಿಗಳನ್ನು ನೀರಿನ ಮಟ್ಟದ ಕೆಳಗೆ ಕಂಬಗಳಿಗೆ ಬೆಸುಗೆ ಹಾಕುತ್ತಾರೆ. ಪತ್ರಗಳಲ್ಲಿ ನಾನು ಅವನ್ನು ಆನೋಡ್ ಎಂದು ಬರೆಯುತ್ತೇನೆ. ಶೆಡ್ಡಿನಲ್ಲಿ ಎಲ್ಲರೂ ಗಟ್ಟಿ ಎನ್ನುತ್ತಾರೆ. ಕಂಬಕ್ಕೆ ಗಟ್ಟಿ ಅಂಟಿಕೊಂಡಿರುವವರೆಗೆ ಸಮುದ್ರವು ಗಟ್ಟಿಯನ್ನು ತಿನ್ನುತ್ತದೆ, ಕಂಬವನ್ನು ಬಿಡುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದು ನನಗೆ ಅರ್ಥವಾದದ್ದು ಹನುಮಸಾಗರದ ನಮ್ಮ ಹೊಲದಿಂದ. ಅಪ್ಪ ಶೇಂಗಾದ ಸುತ್ತ ಬದುವಿನುದ್ದಕ್ಕೂ ಔಡಲ, ಅಂದರೆ ಹರಳು ಗಿಡ, ಹಾಕುತ್ತಿದ್ದರು. ಹುಳ ಬಂದರೆ ಮೊದಲು ಔಡಲಕ್ಕೆ ಹತ್ತಲಿ, ಶೇಂಗಾ ಉಳಿಯಲಿ ಎಂಬುದು ಅವರ ಲೆಕ್ಕಾಚಾರ.

ಈ ವ್ಯವಸ್ಥೆಗೆ ಇರುವ ಷರತ್ತು ಒಂದೇ. ಗಟ್ಟಿಯ ಮೈ ನೀರಿಗೆ ನೇರವಾಗಿ ತಾಗಬೇಕು. ಕಂಬದ ಕಡೆಗೆ ಮುಖ ಮಾಡುವ ತಳಭಾಗಕ್ಕೆ ಮಾತ್ರ ಕಪ್ಪು ಲೇಪ ಹಚ್ಚತಕ್ಕದ್ದು. ಉಳಿದ ಮೈಗೆ ಬಣ್ಣ, ಎಣ್ಣೆ, ಗ್ರೀಸು ಏನೂ ಸೋಕತಕ್ಕದ್ದಲ್ಲ. ಮುಚ್ಚಿದ ಗಟ್ಟಿಯನ್ನು ಸಮುದ್ರ ತಿನ್ನಲಾರದು. ಆಗ ಅದು ಕಂಬಕ್ಕೇ ಬಾಯಿ ಹಾಕುತ್ತದೆ.

ನಾನು ಸಮುದ್ರವನ್ನು ಈವರೆಗೆ ನೋಡಿಲ್ಲ. ಫೋಟೊದಲ್ಲಿ ಕಂಡ ಆ ಕಂಬಗಳ ನೀರಿನ ಮೇಲಿನ ಭಾಗವಷ್ಟೇ ನನಗೆ ಗೊತ್ತು. ಕೆಳಗೆ ಏನಾಗುತ್ತಿದೆ ಎಂಬುದು ದಡದಲ್ಲಿ ನಿಂತವರಿಗೂ ಕಾಣುವುದಿಲ್ಲವಂತೆ. ಹಾಗಾಗಿಯೇ ಸಹಿ ಹಾಕುವ ಮುನ್ನ ಪ್ರತಿ ಪತ್ರವನ್ನೂ ನಾನು ಎರಡೆರಡು ಸಲ ಓದುತ್ತೇನೆ.

ಕಪ್ಪು ಲೇಪ ಹಚ್ಚುವ ಕೆಲಸ ನನ್ನ ಸೋದರಮಾವನದಾಗಿತ್ತು. ಅವರು ಕಿನ್ನಾಳದವರು. ಅವರ ಮನೆತನಕ್ಕೆ ಕಟ್ಟಿಗೆಯ ಗೊಂಬೆ, ತೊಟ್ಟಿಲು, ದೇವರ ಮಂಟಪಗಳಿಗೆ ಬಣ್ಣ ಹಾಕುವುದೇ ಕುಲಕಸುಬು. ಲೇಪ ಅಂಚು ದಾಟದಂತೆ ಹಚ್ಚುವ ಕೈ ಬೇಕೆಂದು ಕಾರ್ಖಾನೆಯ ಮಾಲೀಕರಾದ ಸಾವ್ಕಾರರು ಹುಡುಕುತ್ತಿದ್ದಾಗ ನಾನೇ ಮಾಮಾನ ಹೆಸರು ಸೂಚಿಸಿದ್ದೆ. ಅವರ ಕೈ ಬಗ್ಗೆ ಯಾರೂ ಒಂದು ದೂರನ್ನೂ ಹೇಳಲಿಲ್ಲ. ಆದರೆ ಮಾಮಾನಿಗೆ ಗಟ್ಟಿಗಳ ಬಗ್ಗೆ ಮೊದಲ ದಿನದಿಂದಲೂ ಒಂದು ತಕರಾರಿತ್ತು. ತಳಕ್ಕೆ ಲೇಪ ಹಚ್ಚಿ ಎದ್ದು ನಿಂತು, ಉಳಿದ ಬೋಳು ಮೈಯನ್ನು ನೋಡಿ ಮುಖ ಸಿಂಡರಿಸುತ್ತಿದ್ದರು.

"ಬರೇ ಮೈಲೆ ಹೊರಗ ಕಳಸೂದು ನಮ್ಮ ಕೈಗೆ ಬರಂಗಿಲ್ಲವಾ," ಎಂದು ಒಮ್ಮೆ ಹೇಳಿದ್ದರು. "ಬೊಂಬಿ ಇರಲಿ, ತೊಟ್ಲ ಇರಲಿ, ಬಣ್ಣ ಆಗೂತನ ಅದು ಇನ್ನಾ ಹುಟ್ಟಿಲ್ಲಂತನ ನಮ್ಮ ಮನ್ಯಾಗ ಲೆಕ್ಕ."

ಎರಕದವರು ಇದನ್ನು ಬಿಡುತ್ತಾರೆಯೇ? ಚಿತ್ರಗಾರನ ಕೈಗೆ ಗಟ್ಟಿ ಕೊಡಬೇಡಿ, ಕಣ್ಣು ಮೂಗು ಬರೆದು ಗೌರವ್ವನನ್ನು ಮಾಡಿ ಕೂಡಿಸುತ್ತಾನೆ ಎಂದು ಊಟದ ಹೊತ್ತಿನಲ್ಲಿ ಕಾಡುತ್ತಿದ್ದರು. ಮಾಮಾ ಕೂಡ ಕಮ್ಮಿಯಿಲ್ಲ. ನಿಮ್ಮ ಮುಖ ನೋಡಿದರೆ ನಿಮಗೂ ಎರಡು ಕೈ ಬಣ್ಣ ಬೇಕು ಅನಿಸುತ್ತದೆ ಎನ್ನುತ್ತಿದ್ದರು.

ಆ ವರ್ಷ ಹಬ್ಬದ ಮುನ್ನ ದೊಡ್ಡದೊಂದು ಮಾಲು ಸಿದ್ಧವಾಗಿತ್ತು. ಪಶ್ಚಿಮ ಕರಾವಳಿಯ ಒಂದು ಸಣ್ಣ ಬಂದರಿನಲ್ಲಿ ಹಳೆಯ ಗಟ್ಟಿಗಳು ತೇಯ್ದು ಹೋಗಿದ್ದು, ಅವುಗಳ ಜಾಗಕ್ಕೆ ಹೊಸವನ್ನು ಕೂಡಿಸಬೇಕಿತ್ತು. ನಾನು ಎಲ್ಲವನ್ನೂ ತಪಾಸಣೆ ಮಾಡಿ, ಪತ್ರಕ್ಕೆ ಸಹಿ ಹಾಕಿ, ಅವ್ವ ಮನೆಯಲ್ಲಿ ನವರಾತ್ರಿಯ ಘಟ್ಟ ಹಾಕಿದ್ದರಿಂದ ಹನುಮಸಾಗರಕ್ಕೆ ಹೋದೆ. ಖಂಡೆ ಪೂಜೆಯ ದಿನ, ಅಂದರೆ ಆಯುಧ ಪೂಜೆಯಂದು, ಪೂಜೆ ಮುಗಿಸಿ, ಒಳ್ಳೆಯ ಗಳಿಗೆ ನೋಡಿ ಲಾರಿ ಹೊರಡಿಸುವುದು ಸಾವ್ಕಾರರ ನಿರ್ಧಾರವಾಗಿತ್ತು.

ಅದರ ಮರುದಿನ, ಬನ್ನಿ ಹಂಚುವ ವಿಜಯದಶಮಿಯ ಮಧ್ಯಾಹ್ನ, ನಾನು ಕೊಪ್ಪಳಕ್ಕೆ ಮರಳಿ ಶೆಡ್ಡಿಗೆ ಹೋದೆ. ಹಿರಿಯರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಿ ಬರೋಣವೆಂಬುದಷ್ಟೇ ನನ್ನ ಉದ್ದೇಶ. ಲಾರಿ ಹಿಂದಿನ ದಿನವೇ ಹೋಗಿತ್ತು. ಪೂಜೆಯ ಮೂಲೆಯಲ್ಲಿ ಅಚ್ಚು, ಇಕ್ಕಳ, ತಂತಿ ಬ್ರಷ್ಷು, ತಕ್ಕಡಿ ಎಲ್ಲಕ್ಕೂ ಕುಂಕುಮ, ಚೆಂಡುಹೂವು ಏರಿಸಿದ್ದರು. ನಡುವೆ ಒಂದು ಗಟ್ಟಿಯನ್ನು ಪೂಜೆಗೆಂದು ಉಳಿಸಿಕೊಂಡಿದ್ದರು. ಅದು ಹೊಳೆಯುತ್ತಿತ್ತು.

ಎರಕದಿಂದ ಬಂದ ಗಟ್ಟಿ ಹೊಳೆಯುವುದಿಲ್ಲ. ಅದರ ಮೈ ಬೂದಿ ಬಣ್ಣದ್ದು, ಕೈಯಾಡಿಸಿದರೆ ತರಿತರಿಯಾಗಿ ಹತ್ತುತ್ತದೆ. ನಾನು ಬಗ್ಗಿ ಮುಟ್ಟಿದೆ. ಬೆರಳು ಜಾರಿತು. ತಂತಿ ಬ್ರಷ್ಷು ಪಕ್ಕದಲ್ಲೇ ಇದ್ದರೂ ಪೂಜೆಗೆ ಇಟ್ಟ ಸಾಮಾನನ್ನು ಬನ್ನಿ ಮುಡಿದು ಬರುವವರೆಗೆ ಯಾರೂ ಎತ್ತುವಂತಿಲ್ಲ. ಆದ್ದರಿಂದ ಉಗುರಿನಿಂದ ಗೀರಿದೆ. ಉಗುರಿನ ಸಂದಿಯಲ್ಲಿ ಬೆಳ್ಳಿ ಬಣ್ಣ ಸೇರಿಕೊಂಡಿತು.

ಮಾಮಾ ಹಿಂದೆಯೇ ನಿಂತಿದ್ದರು. ಹೊಸ ಧೋತರ ಉಟ್ಟಿದ್ದರು.

"ಹೆಂಗ ಕಾಣ್ತದ ನೋಡು," ಎಂದರು.

"ಎಲ್ಲಾಕ್ಕೂ ಹಚ್ಚೀರೇನ್ರಿ ಮಾಮಾ?"

"ಎಲ್ಲಾಕ್ಕೂ. ಒಂದ ಬಿಟ್ಟಿಲ್ಲ. ಹಬ್ಬದಾಗ ಮನಿ ಬಿಟ್ಟು ಹೊಂಟಾವ, ಬೋಳ ಮೈಲೆ ಕಳಸಲೇನು?"

ಅವರು ನನ್ನ ಕೈಗೆ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರವಾ ಎಂದು ಹರಸಿದರು. ನಾನು ಕಾಲು ಮುಟ್ಟಿದೆ. ಬಣ್ಣ ಹತ್ತಿದ ಉಗುರನ್ನು ಎಲೆಯ ಕೆಳಗೆ ಮುಚ್ಚಿಕೊಂಡೆ. ಹಬ್ಬದ ದಿನ, ಅದೂ ಎಲ್ಲರ ಎದುರಿಗೆ, ಅವರಿಗೆ ಏನನ್ನೂ ಹೇಳಲು ನನ್ನಿಂದಾಗಲಿಲ್ಲ.

ನೇರವಾಗಿ ಸಾವ್ಕಾರರ ಬಳಿ ಹೋದೆ. ಅವರು ಗಂಗಾವತಿಯವರು, ಅಕ್ಕಿ ಗಿರಣಿ ನಡೆಸಿ ಆಮೇಲೆ ಈ ಧಂದೆಗೆ ಬಂದವರು. ಲೋಡ್ ಮಾಡುವಾಗ ನೋಡಲಿಲ್ಲವೇ ಎಂದು ಕೇಳಿದೆ. ನೋಡಿದ್ದೆ, ಛಲೋ ಕಂಡಿತು ಎಂದರು. ಅವರ ಊರಿನಲ್ಲಿ ಪಾಲಿಶ್ ಇಲ್ಲದ ಅಕ್ಕಿಯನ್ನು ಯಾರೂ ಮುಟ್ಟುವುದಿಲ್ಲ, ಮಾಲು ಹೊಳೆದಷ್ಟೂ ಒಳ್ಳೆಯದೆಂದು ಅವರು ನಂಬಿದ್ದರು. ಬೆಳ್ಳಿ ಬಣ್ಣವನ್ನು ತರಿಸಿಕೊಟ್ಟವರೂ ಅವರೇ. ನಾನು ವಿಷಯವನ್ನು ವಿವರಿಸಿದ ಮೇಲೂ ಅವರು ಒಪ್ಪಲಿಲ್ಲ.

"ಸಮುದ್ರ ಅಷ್ಟ ದೊಡ್ಡದೈತಿ. ಒಂದು ಪದರ ಬಣ್ಣ ತಿನ್ನಾಕ ಎಷ್ಟೊತ್ತು ಬೇಕವಾ? ಬಣ್ಣ ತಿಂದು ಆಮ್ಯಾಲ ಗಟ್ಟಿ ತಿಂತೈತಿ ಬಿಡು."

ಬಣ್ಣ ಒಂದೊಂದು ಕಡೆ ಕಿತ್ತು ಬರಬಹುದು, ಬಾರದೆಯೂ ಇರಬಹುದು, ಅಷ್ಟರಲ್ಲಿ ಕಂಬ ಸವೆಯುತ್ತದೆ, ಗಟ್ಟಿ ಕೂಡಿಸಿದ್ದೇವೆಂಬ ಧೈರ್ಯದಲ್ಲಿ ಯಾರೂ ಕೆಳಗೆ ಇಳಿದು ನೋಡುವುದಿಲ್ಲ ಎಂದು ನಾನು ಹೇಳಿದೆ. ಆ ಕಟ್ಟೆಯ ಮೇಲೆ ಕ್ರೇನು ನಿಲ್ಲುತ್ತದೆ, ಜನ ನಿಲ್ಲುತ್ತಾರೆ ಎಂದೂ ಹೇಳಿದೆ.

"ನೀ ಹೇಳೂದು ಖರೆ ಐತಿ," ಎಂದರು ಸಾವ್ಕಾರರು. "ಆದ್ರ ಬಂದರಿನವರಿಗೆ ಹೇಳಿದ ಕೂಡ್ಲೇ ಯಾರು ಹಚ್ಚಿದ್ರು ಅಂತ ಕೇಳತಾರ. ಹೇಳಿದ್ಹಂಗ ಮಾಡದಾಂವನ್ನ ಆ ಕೆಲಸದಾಗ ಇಟಗೋಬಾರದು ಅಂತ ಅವರ ಕರಾರಿನಾಗ ಐತಿ. ನಿಮ್ಮ ಮಾಮಾನ್ನ ಕರಕೊಂಡ ಬಂದಾಕಿ ನೀನ. ವಿಚಾರ ಮಾಡು."

ನಾನು ಕೊಠಡಿಯಿಂದ ಹೊರಬಂದು ಬಂದರಿನಲ್ಲಿ ನೀರಿಗಿಳಿದು ಗಟ್ಟಿ ಕೂಡಿಸುವ ಮುಖ್ಯ ಮುಳುಗುಗಾರರಿಗೆ ಫೋನು ಮಾಡಿದೆ. ವಿಚಾರ ಮಾಡಲು ಕುಳಿತರೆ ಫೋನು ಮಾಡಲಾರೆನೆಂಬ ಭಯ ನನಗಿತ್ತು. ಅತ್ತ ಯಾರೂ ಎತ್ತಲಿಲ್ಲ. ಸಂಜೆಯವರೆಗೆ ಮತ್ತೆ ಮತ್ತೆ ಮಾಡಿದೆ. ಲಾರಿ ಚಾಲಕರಾದ ಕುಷ್ಟಗಿಯ ಚಾಚಾ ಮಾತ್ರ ಸಿಕ್ಕರು. ಮಾಲು ಇಳಿಸಿ ಆಗಿದೆ, ಅಲ್ಲಿಯವರು ಕೆಲಸವನ್ನೂ ಶುರು ಮಾಡಿದ್ದಾರೆ, ನಾನು ವಾಪಸು ಹೊರಟಿದ್ದೇನೆ ಎಂದರು. ಮನೆಯಲ್ಲಿ ಹೋಳಿಗೆ ಬಡಿಸಿದ್ದರು. ಎಡಗೈಯಲ್ಲಿ ಫೋನು ಹಿಡಿದೇ ಉಂಡೆ.

ಮರುದಿನ ಬೆಳಿಗ್ಗೆ ಮುಳುಗುಗಾರರು ತಾವಾಗಿಯೇ ಫೋನು ಮಾಡಿದರು. ಮೊದಲ ಕಂಬಕ್ಕೆ ನಾಲ್ಕು ಗಟ್ಟಿಗಳನ್ನು ಕೂಡಿಸಿ ಆಗಿತ್ತು. ಉಳಿದವು ಕಟ್ಟೆಯ ಮೇಲಿದ್ದವು. ಬಣ್ಣವಿತ್ತೇ ಎಂದು ಕೇಳಿದೆ.

"ನೀರೊಳಗೆ ಎಂತದೂ ಕಾಣುದಿಲ್ಲ ಮೇಡಂ, ಕೈಯಲ್ಲಿ ಮುಟ್ಟಿಯೇ ಕೆಲಸ," ಎಂದರು. "ನುಣ್ಣಗೆ ಇತ್ತು. ಈ ಸಲ ಒಳ್ಳೆ ಮಾಲು ಬಂದಿದೆ ಅಂತ ನಾವು ಖುಷಿ ಪಟ್ಟದ್ದು."

ಆಗ ನಾನು ಎಲ್ಲವನ್ನೂ ತಿಳಿಸಿದೆ. ದಯವಿಟ್ಟು ಮುಂದಿನವನ್ನು ಕೂಡಿಸಬಾರದೆಂದು ಕೋರಿದೆ. ಅವರು ಯಾರನ್ನೋ ಕೂಗಿ, ಈಗ ಕೆಳಗೆ ಇಳಿಯಬೇಡ ಎಂದರು. ಕೆಲಸ ನಿಲ್ಲಿಸುತ್ತೇವೆ, ಆದರೆ ಹೆಚ್ಚು ದಿನ ನಿಲ್ಲಿಸಲಾಗದು, ನಿಮ್ಮ ಕಡೆಯಿಂದ ಯಾರಾದರೂ ಬಂದು ಸರಿ ಮಾಡಲಿ ಎಂದರು.

ಇನ್ನು ಮಾಮಾನಿಗೆ ಹೇಳಬೇಕಿತ್ತು. ಅವರು ಶೆಡ್ಡಿನ ಹಿಂದೆ ಕುಳಿತು ಬ್ರಷ್ಷಿನ ಕೂದಲನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು.

"ಮಾಮಾ, ಆ ಬಣ್ಣ ತಗೀಬೇಕ್ರಿ," ಎಂದೆ.

"ಯಾಕ? ಲಾರ್ಯಾಗ ಗೀರು ಬಿದ್ದಾವೇನು?"

ಪತ್ರದಲ್ಲಿ ಬರೆಯುವ ಮಾತುಗಳು ಆ ಹೊತ್ತಿಗೆ ನನ್ನ ಕೈಬಿಟ್ಟವು. ಕೊನೆಗೆ ಅಪ್ಪನ ಹೊಲವೇ ನೆನಪಾಯಿತು. ಔಡಲಕ್ಕೆ ಅರಿವೆ ಮುಚ್ಚಿದಂತೆ ಆಗಿದೆ ಎಂದೆ. ಮಾಮಾ ನಮ್ಮ ಹೊಲದಲ್ಲಿ ಎಷ್ಟೋ ಸಲ ಔಡಲ ಬಡಿದವರು. ಬ್ರಷ್ಷನ್ನು ಡಬ್ಬಿಯ ಅಂಚಿಗೆ ನಿಧಾನವಾಗಿ ಒರಸಿದರು.

"ಹಂಗಂದ್ರ ಹುಳ ಶೇಂಗಾಕ್ಕ ಹತ್ತತೈತಿ."

"ಹೌದ್ರಿ."

ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಹಬ್ಬವಿತ್ತು ಎಂದೆ. ಸಮುದ್ರಕ್ಕೆ ಹಬ್ಬವಿರುತ್ತದೇನು ಎಂದರು. ನಂತರ ಎದ್ದು, ಪೂಜೆಯ ಮೂಲೆಗೆ ಹೋಗಿ, ಕುಂಕುಮ ಹಚ್ಚಿದ್ದ ತಂತಿ ಬ್ರಷ್ಷುಗಳನ್ನೆಲ್ಲ ಕೈಮುಗಿದು ಎತ್ತಿ ಪಂಜೆಯಲ್ಲಿ ಸುತ್ತಿಕೊಂಡರು.

"ನಾ ಹಚ್ಚೀನಿ, ನಾನ ತಗೀತೀನಿ. ನನ್ನ ಹೆಸರ ಹೇಳು. ಬ್ಯಾರೆಯವರ ತಲಿಮ್ಯಾಲ ಹಾಕಬ್ಯಾಡ."

ಸಾವ್ಕಾರರು ಬೇಡವೆನ್ನಲಿಲ್ಲ. ಬಣ್ಣ ತರಿಸಿಕೊಟ್ಟದ್ದು ತಾವೆಂದು ಅವರೂ ಆ ಕಡೆಯವರಿಗೆ ಫೋನಿನಲ್ಲಿ ಹೇಳಿದರು. ಇದು ನಾನು ನಿರೀಕ್ಷಿಸಿರದ ಸಂಗತಿ. ನಾನು ಮಾಮಾನನ್ನು ಕೊಪ್ಪಳದ ಬಸ್ ನಿಲ್ದಾಣದವರೆಗೆ ಕಳುಹಿಸಿಬಂದೆ. ಹುಬ್ಬಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕೆಂದು ಹಲವು ಬಾರಿ ಹೇಳಿದೆ. ಅವರು ಯಲಬುರ್ಗಾ, ಗದಗಗಳನ್ನು ದಾಟಿ ಆಚೆ ಹೋದವರಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಸಮುದ್ರ ಊರೊಳಗೇ ಇರುತ್ತದೋ ನಡೆದು ಹೋಗಬೇಕೋ ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ.

ಅನಂತರದ ದಿನಗಳಲ್ಲಿ ನಾನು ಯಾವ ಕೆಲಸವನ್ನೂ ಸರಿಯಾಗಿ ಮಾಡಿದೆನೆಂದು ಪ್ರಮಾಣಿಸಲಾರೆ. ಒಂದೇ ಗಟ್ಟಿಯನ್ನು ತೂಗಿ, ಮರೆತು, ಮತ್ತೆ ತೂಗುತ್ತಿದ್ದೆ. ಫೋನನ್ನು ತಕ್ಕಡಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದೆ. ಮಾಮಾ ಕಟ್ಟೆಯ ಮೇಲಿನ ಗಟ್ಟಿಗಳನ್ನು ಒಂದೊಂದಾಗಿ ಉಜ್ಜುತ್ತಿದ್ದಾರೆ, ಅಲ್ಲಿಯ ಹುಡುಗರು ಕೈಜೋಡಿಸಲು ಬಂದರೆ ಅಂಚು ಬಿಡುತ್ತೀರಿ ಎಂದು ಬೈದು ಕಳಿಸುತ್ತಾರೆ ಎಂದು ಮುಳುಗುಗಾರರು ತಿಳಿಸಿದರು. ನನಗೆ ಸಮಾಧಾನವಾಗಲಿಲ್ಲ. ನನ್ನ ಚಿಂತೆಯೆಲ್ಲ ನೀರಿನೊಳಗಿದ್ದ ಆ ನಾಲ್ಕರ ಮೇಲಿತ್ತು.

ಅಲ್ಲಿ ಅಳೆಯುವ ಒಂದು ಯಂತ್ರವಿದೆ. ಅದರ ಒಂದು ತಂತಿಯನ್ನು ಕಂಬಕ್ಕೆ ತಾಗಿಸಿ, ಇನ್ನೊಂದರ ತುದಿಯನ್ನು ಕಂಬದ ಪಕ್ಕದ ನೀರಿಗೆ ಇಳಿಬಿಟ್ಟರೆ ಅಂಕಿ ಬರುತ್ತದೆ. ಅಂಕಿ ಎಂಟುನೂರು ದಾಟಿದರೆ ಕಂಬಕ್ಕೆ ರಕ್ಷಣೆ ಸಿಕ್ಕಿದೆ ಎಂದರ್ಥ. ನಾಲ್ಕು ಗಟ್ಟಿ ಕೂಡಿಸಿದ ಕಂಬದಲ್ಲಿ ಬಂದದ್ದು ಆರುನೂರ ಐವತ್ತರ ಆಸುಪಾಸು. ಇನ್ನೂ ಗಟ್ಟಿ ಕೂಡಿಸದ ಪಕ್ಕದ ಕಂಬದಲ್ಲೂ ಅಷ್ಟೇ ಇತ್ತು. ಅಂದರೆ ಮಾಮಾನ ಬಣ್ಣ ನೀರಿನೊಳಗೆ ಕಿಂಚಿತ್ತೂ ಕಿತ್ತಿರಲಿಲ್ಲ. ಕಿನ್ನಾಳದ ಕೈ ಹಚ್ಚಿದ ಬಣ್ಣ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಮುಳುಗುಗಾರರು ಬ್ರಷ್ಷು ಹಿಡಿದು ಕೆಳಗೆ ಇಳಿದ ದಿನ ಮಾಮಾ ಕಟ್ಟೆಯಿಂದ ಫೋನು ಮಾಡಿದರು. ಯಂತ್ರವನ್ನು ಅವರ ಕೈಗೆ ಕೊಟ್ಟು ಅಂಕಿ ಓದಲು ಹೇಳಿದ್ದರಂತೆ. ಗಾಳಿಯ ಸದ್ದಿನಲ್ಲಿ ಅವರ ದನಿ ಬಂದು ಹೋಗುತ್ತಿತ್ತು.

"ಆರುನೂರ ಐವತ್ತೆರಡು ಐತಿ. ಏನೂ ಆಗವಲ್ದು."

ನಿಧಾನವಾಗಿ ಏರುತ್ತದೆ, ಕಾಯಿರಿ ಎಂದೆ. ಹಾಗೆ ಹೇಳಿದ ನನಗೇ ಅದರ ಭರವಸೆ ಇರಲಿಲ್ಲ. ಮುಳುಗುಗಾರರು ಉಸಿರು ತಿರುಗಿಸಿಕೊಳ್ಳಲು ಮೇಲೆ ಬಂದಾಗ ಮಾಮಾ ಅವರಿಗೆ, ಕೆಳಗಿನ ಮೂಲೆ ಉಜ್ಜಿದಿರಾ, ಪಕ್ಕದ ಇಳಿಜಾರು ಉಜ್ಜಿದಿರಾ ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು. ಕೊನೆಗೆ ಮುಳುಗುಗಾರರೇ ಫೋನು ತೆಗೆದುಕೊಂಡರು.

"ಮೇಡಂ, ನಿಮ್ಮ ಮಾವನಿಗೆ ಸ್ವಲ್ಪ ಹೇಳಿ ಮಾರಾಯ್ರೆ. ಸಮುದ್ರಕ್ಕಿಂತ ಇವರದ್ದೇ ಹೆದರಿಕೆ ಆಗಿದೆ ನನಗೆ."

ಮಧ್ಯಾಹ್ನ ಅಂಕಿ ಏಳುನೂರಕ್ಕೆ ಬಂತು. ಸಂಜೆ ಏಳುನೂರ ಅರವತ್ತರಲ್ಲಿ ನಿಂತುಬಿಟ್ಟಿತು. ಮೂರು ಗಟ್ಟಿಗಳ ಮೈ ಪೂರ್ತಿ ಬಿಡಿಸಿದ್ದೇವೆ, ನಾಲ್ಕನೆಯದು ಕೆಳಗಿನ ಕೆಸರಿನ ಸಮೀಪವಿದೆ, ಅದರ ಕೆಳಬದಿಗೆ ಕೈ ಹೋಗುವುದಿಲ್ಲ, ಎಷ್ಟು ಸಾಧ್ಯವೋ ಅಷ್ಟು ಉಜ್ಜಿದ್ದೇವೆ ಎಂದು ಮುಳುಗುಗಾರರು ಹೇಳಿದರು. ಅಂದು ಮಲಗುವ ಮುನ್ನ ನಾನು ದೇವರಿಗೆ ಕೈಮುಗಿದು ಒಂದು ಅಂಕಿಯನ್ನು ಕೇಳಿಕೊಂಡೆ. ಮನೆಯವರು ಕೇಳಿದ್ದರೆ ನಗುತ್ತಿದ್ದರು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಟಂಟಂ ಆಟೊದಲ್ಲಿ ಕುಳಿತಿದ್ದಾಗ ಫೋನು ಬಂತು.

"ಎಂಟುನೂರ ಹತ್ತು ಐತವಾ," ಎಂದರು ಮಾಮಾ. "ಇಳಿಯವಲ್ದು. ಅಲ್ಲೇ ನಿಂತೈತಿ."

ಇನ್ನೊಮ್ಮೆ ಓದಿರಿ ಎಂದೆ. ಓದಿದರು. ಮತ್ತೊಮ್ಮೆ ಎಂದೆ. ನನ್ನನ್ನು ಸಾಲಿಗೆ ಹೋಗದವನೆಂದು ತಿಳಿದೆಯೇನು ಎಂದು ರೇಗಿದರು. ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ಮುಖ ನೋಡಿ, ಹೆರಿಗೆ ಸುಸೂತ್ರ ಆಯ್ತೇನವಾ ಎಂದು ವಿಚಾರಿಸಿದರು. ಆಯ್ತ್ರಿ ಎಂದೆ.

ಆದರೂ ಕರಾರು ಕರಾರೇ. ಹೇಳಿದ ಕ್ರಮ ಬಿಟ್ಟು ಲೇಪ ಹಚ್ಚಿದವರನ್ನು ಆ ಕೆಲಸದಲ್ಲಿ ಮುಂದುವರಿಸುವಂತಿಲ್ಲವೆಂದು ಬಂದರಿನ ಕೆಲಸದವರು ತಿಳಿಸಿದರು. ತಪ್ಪನ್ನು ನಾವಾಗಿಯೇ ತಿಳಿಸಿದ್ದರಿಂದ ಮುಂದಿನ ಮಾಲನ್ನು ನಮ್ಮಿಂದಲೇ ತೆಗೆದುಕೊಳ್ಳುವುದಾಗಿಯೂ ಹೇಳಿದರು. ಕಪ್ಪು ಲೇಪದ ಕೆಲಸ ಬೇರೊಬ್ಬರಿಗೆ ಹೋಯಿತು. ಮಾಮಾ ಊರಿಗೆ ಮರಳಿ ಗೊಂಬೆ ಹಿಡಿಯುತ್ತಾರೆಂದು ನಾನು ಅಂಜಿದ್ದೆ. ಅವ್ವನ ಎದುರು ಹೇಗೆ ನಿಲ್ಲಲಿ ಎಂದೂ ಯೋಚಿಸಿದ್ದೆ. ಅವರು ಸಾವ್ಕಾರರ ಎದುರು ನಿಂತು ತಂತಿ ಬ್ರಷ್ಷಿನ ಕೆಲಸವನ್ನು ಕೇಳಿಕೊಂಡರು. ಅಚ್ಚಿನಿಂದ ಬಂದ ಗಟ್ಟಿಗೆ ಅಂಟಿದ ಮಸಿ, ಜಿಡ್ಡುಗಳನ್ನು ಉಜ್ಜಿ ಮೈ ಬಿಡಿಸುವುದು ಈಗ ಅವರ ಕೆಲಸ. ಪಗಾರಕ್ಕೆ ತೊಂದರೆಯಾಗಿಲ್ಲ. ಆದರೆ ಹೊಸಬರು ತಳಕ್ಕೆ ಲೇಪ ಹಚ್ಚುವಾಗ ಅವರು ಆ ಕಡೆ ನೋಡುವುದಿಲ್ಲ. ಅಂಚು ಸೊಟ್ಟಗೆ ಬಂದಿದ್ದರೆ ನೋಡಲಾಗದೆಂದು ನನಗೊಬ್ಬಳಿಗೆ ಹೇಳಿದ್ದಾರೆ.

ಲಾರಿಗೆ ಏರಿಸುವ ಮುನ್ನ ಅವರು ನನ್ನನ್ನು ಕೂಗುತ್ತಾರೆ. ಬಾರವಾ, ಗೀರು ಎನ್ನುತ್ತಾರೆ. ನಾನು ಪ್ರತಿಯೊಂದನ್ನೂ ಉಗುರಿನಿಂದ ಗೀರಿ, ಉಗುರಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಸಹಿ ಹಾಕುತ್ತೇನೆ. ಆ ಬಂದರಿನಿಂದ ಫೋನು ಬಂದಾಗಲೆಲ್ಲ ಮೊದಲು ನೆನಪಾಗುವುದು ಕೆಸರಿನ ಸಮೀಪದ ಆ ನಾಲ್ಕನೆಯ ಗಟ್ಟಿ, ಕೈ ಹೋಗದ ಅದರ ಕೆಳಬದಿ. ಅಂಕಿ ಇಳಿದಿಲ್ಲ ಎಂದೇ ಇದುವರೆಗೆ ಹೇಳಿದ್ದಾರೆ.

ಮುಂದಿನ ವರ್ಷದ ಖಂಡೆ ಪೂಜೆಗೆ ನಾನು ಊರಿಗೆ ಹೋಗಲಿಲ್ಲ. ಅವ್ವ ಬೇಸರಪಟ್ಟುಕೊಂಡರೂ ಶೆಡ್ಡಿನಲ್ಲೇ ಉಳಿದೆ. ಮಾಮಾ ಬ್ರಷ್ಷಿಗೆ ಕುಂಕುಮ ಹಚ್ಚಿದರು, ಅಚ್ಚಿಗೆ ಹಚ್ಚಿದರು, ತಕ್ಕಡಿಗೆ ಹಚ್ಚಿದರು. ಗಟ್ಟಿಗಳ ಬಳಿ ಬಂದು ಬೆರಳನ್ನು ಹಿಂದಕ್ಕೆ ಎಳೆದುಕೊಂಡು ಪಂಜೆಗೆ ಒರಸಿದರು. ಹೂವನ್ನೂ ಮೈಗೆ ತಾಗದಂತೆ ಮುಂದೆ ಇಟ್ಟರು. ಕರ್ಪೂರದ ಬೆಳಕಿನಲ್ಲಿ ಅವು ಬೂದಿ ಬಣ್ಣದಲ್ಲಿ, ತರಿತರಿಯಾಗಿ, ಸಾಲಾಗಿ ನಿಂತಿದ್ದವು.

"ಬರೇ ಮೈಲೆ ದೇವರ ಮುಂದ ನಿಂತಾವ ನೋಡು," ಎಂದರು ಮಾಮಾ, "ನಾಚಿಕಿ ಇಲ್ಲದವು."

ಆರತಿ ಮುಗಿದ ಮೇಲೆ, ಅವರು ಬೇರೆಡೆ ತಿರುಗಿದ್ದಾಗ, ನಾನು ಬಗ್ಗಿ ತುದಿಯದೊಂದನ್ನು ಉಗುರಿನಿಂದ ಮೆಲ್ಲಗೆ ಗೀರಿದೆ.